ಕೊಸರಿನಿಂದ ಅಂಕದವರೆಗೆ: ಖರೀದಿಯ ಬಹುಮಾನ ಪದ್ಧತಿಯ ಇತಿಹಾಸ

ನಮ್ಮ ಸಂತೆಗಳಲ್ಲಿ ತರಕಾರಿಯನ್ನು ತೂಗಿ ಕೊಟ್ಟಮೇಲೆ ಮಾರುವವಳು ಒಂದೆರಡು ಕಾಯಿಗಳನ್ನು ಮೇಲೆ ಹಾಕುವುದುಂಟು. ಹಾಕದಿದ್ದರೆ ಕೊಳ್ಳುವವರು ಕೇಳಿ ಪಡೆಯುವುದೂ ಉಂಟು. ಇದಕ್ಕೆ ಕೊಸರು ಎಂದು ಹೆಸರು. ಕೊಸರಿನ ಲಕ್ಷಣಗಳು ಮೂರು: ಅದು ಆ ಕ್ಷಣದಲ್ಲಿಯೇ ಕೈಸೇರುತ್ತದೆ, ಅದರ ಬೆಲೆ ಕಣ್ಣಿಗೆ ಕಾಣುತ್ತದೆ, ಕೊಟ್ಟವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾರರು. ಕ್ರೆಡಿಟ್ ಕಾರ್ಡಿನಿಂದ ಹಣ ತೆತ್ತವರಿಗೆ ಬ್ಯಾಂಕುಗಳು ಇಂದು ಕೊಡುತ್ತಿರುವ ಬಹುಮಾನದ ಅಂಕಗಳು, ಅಂದರೆ ಜನರು ರಿವಾರ್ಡ್ ಪಾಯಿಂಟುಗಳೆಂದು ಕರೆಯುವವು, ಕೊಸರಿನ ಜಾತಿಗೇ ಸೇರಿದವು. ಆದರೆ ಮೇಲ್ಕಂಡ ಮೂರು ಲಕ್ಷಣಗಳಲ್ಲಿ ಒಂದೂ ಅವುಗಳಲ್ಲಿ ನೆಲೆಯಾಗಿಲ್ಲ. ಅಂಕವೆಂಬುದು ಮುಂದೆ ಸಲ್ಲಬೇಕಾದ ಒಂದು ವಾಗ್ದಾನ. ಅದರ ಬೆಲೆಯನ್ನು ನಿರ್ಣಯಿಸುವವನೂ, ಬೇಕೆಂದಾಗ ಬದಲಾಯಿಸುವವನೂ ವಾಗ್ದಾನವಿತ್ತವನೇ.

ಇಂತಹ ಅಂಕಗಳಿಂದ ಅತ್ಯಧಿಕ ಪ್ರಯೋಜನವನ್ನು ಪಡೆಯುವ ಬಗೆ ಯಾವುದು? ಇದನ್ನು ಸಾಮಾನ್ಯವಾಗಿ ಲೆಕ್ಕದ ಪ್ರಶ್ನೆಯೆಂದು ಭಾವಿಸುತ್ತಾರೆ. ಅದು ಇತಿಹಾಸದ ಪ್ರಶ್ನೆಯೂ ಹೌದೆಂಬುದನ್ನು, ಈ ಪದ್ಧತಿ ಬಹು ದೊಡ್ಡದಾಗಿ ಬೆಳೆದ ಅಮೆರಿಕ ಸಂಯುಕ್ತ ಸಂಸ್ಥಾನಗಳ ನಿದರ್ಶನವನ್ನು ಮುಖ್ಯವಾಗಿ ಇಟ್ಟುಕೊಂಡು ತೋರಿಸುವುದು ಈ ಲೇಖನದ ಉದ್ದೇಶ.

೧. ಸ್ಟಾಂಪುಗಳ ಕಾಲ

೧೮೯೬ರಲ್ಲಿ ಸ್ಪೆರ್ರಿ ಮತ್ತು ಹಚಿನ್‌ಸನ್ ಎಂಬಿಬ್ಬರು ಅಮೆರಿಕದಲ್ಲಿ ಒಂದು ಕಂಪೆನಿಯನ್ನು ಸ್ಥಾಪಿಸಿದರು. ಹಸಿರು ಬಣ್ಣದ ಸಣ್ಣ ಅಂಟುಚೀಟಿಗಳನ್ನು ಅಚ್ಚುಹಾಕಿ ಅಂಗಡಿಕಾರರಿಗೆ ಮಾರುವುದು ಅದರ ವ್ಯಾಪಾರ. ಅಂಗಡಿಯವನು ತನ್ನ ಗಿರಾಕಿಗೆ ಹತ್ತು ಸೆಂಟಿನ ಖರೀದಿಗೆ ಒಂದರಂತೆ ಚೀಟಿಯನ್ನು ಕೊಡುತ್ತಿದ್ದನು. ಗಿರಾಕಿ ಅವುಗಳನ್ನು ಒಂದು ಪುಸ್ತಕದಲ್ಲಿ ಅಂಟಿಸಿ, ಪುಸ್ತಕ ತುಂಬಿದ ಮೇಲೆ ಕಂಪೆನಿಯ ಕೇಂದ್ರಕ್ಕೆ ಹೋಗಿ ದೀಪವನ್ನೋ ಪಾತ್ರೆಯನ್ನೋ ಕಂಬಳಿಯನ್ನೋ ಪಡೆಯಬಹುದಾಗಿತ್ತು. ಎರಡನೆಯ ಮಹಾಯುದ್ಧದ ನಂತರ ದೊಡ್ಡ ದಿನಸಿ ಅಂಗಡಿಗಳು ಈ ಪದ್ಧತಿಯನ್ನು ಕೈಗೊಂಡಮೇಲೆ ಅದು ಮನೆಮನೆಗೂ ಹಬ್ಬಿತು. ೧೯೬೦ರ ದಶಕ ಅದರ ಉಚ್ಛ್ರಾಯದ ಕಾಲ.

ಆ ದಶಕದ ಲೆಕ್ಕವನ್ನು ಗಮನಿಸಬೇಕು. ಒಂದು ಪುಸ್ತಕಕ್ಕೆ ೧,೨೦೦ ಚೀಟಿಗಳು. ಅಂದರೆ ೧೨೦ ಡಾಲರುಗಳ ಖರೀದಿ. ಅದಕ್ಕೆ ಪ್ರತಿಯಾಗಿ ದೊರೆಯುತ್ತಿದ್ದ ಸಾಮಾನಿನ ಬೆಲೆ ಸುಮಾರು ಮೂರು ಡಾಲರು, ಶೇಕಡಾ ಎರಡೂವರೆ. ಅಂಗಡಿಯವನು ಚೀಟಿಗಳಿಗಾಗಿ ತೆರುತ್ತಿದ್ದುದು ಮಾರಾಟದ ಶೇಕಡಾ ಎರಡರಷ್ಟು. ವ್ಯಾಪಾರ ಹೆಚ್ಚಿದರೆ ಈ ವೆಚ್ಚ ಅದರಲ್ಲಿ ತೀರುತ್ತಿತ್ತು. ಆದರೆ ಊರಿನ ಅಂಗಡಿಗಳೆಲ್ಲವೂ ಚೀಟಿ ಕೊಡತೊಡಗಿದಾಗ ಯಾರಿಗೂ ಹೆಚ್ಚಿನ ಗಿರಾಕಿಗಳಿಲ್ಲ. ವೆಚ್ಚ ಮಾತ್ರ ಉಳಿಯಿತು. ಅದನ್ನು ಸಾಮಾನಿನ ಬೆಲೆಯಲ್ಲಿ ಸೇರಿಸದೆ ಗತ್ಯಂತರವಿರಲಿಲ್ಲ. ೧೯೭೦ರ ದಶಕದ ಬೆಲೆಯೇರಿಕೆಯಲ್ಲಿ ಜನರಿಗೆ ಚೀಟಿಗಿಂತ ಅಗ್ಗದ ಬೆಲೆಯೇ ಇಷ್ಟವಾಯಿತು. ೧೯೭೩ರ ತೈಲದ ಅಭಾವದಲ್ಲಿ ಗಿರಾಕಿಗಳನ್ನು ಕರೆಯುವ ಅಗತ್ಯವೇ ಇಲ್ಲದ ಪೆಟ್ರೋಲು ಬಂಕುಗಳೂ ಚೀಟಿಯನ್ನು ಕೈಬಿಟ್ಟವು.

ಇಂಗ್ಲೆಂಡಿನಲ್ಲಿ ೧೯೫೮ರಲ್ಲಿ ಗ್ರೀನ್ ಶೀಲ್ಡ್ ಎಂಬ ಹೆಸರಿನ ಇಂಥದೇ ಚೀಟಿ ಹೊರಟಿತು. ಟೆಸ್ಕೋ ಅಂಗಡಿಗಳು ೧೯೬೩ರಲ್ಲಿ ಅದನ್ನು ಕೈಗೊಂಡು ೧೯೭೭ರಲ್ಲಿ ಬಿಟ್ಟವು. ಆದರೆ ಆ ದೇಶದ ಪಾರ್ಲಿಮೆಂಟು ೧೯೬೪ರಲ್ಲಿಯೇ ಒಂದು ಶಾಸನವನ್ನು ಮಾಡಿ, ಪ್ರತಿಯೊಂದು ಚೀಟಿಯ ಮೇಲೂ ಅದರ ನಗದು ಬೆಲೆಯನ್ನು ಅಚ್ಚುಮಾಡಬೇಕೆಂದೂ, ಗಿರಾಕಿ ಬಯಸಿದರೆ ಸಾಮಾನಿಗೆ ಬದಲಾಗಿ ಹಣವನ್ನೇ ಕೊಡಬೇಕೆಂದೂ ವಿಧಿಸಿತು. ಬೆಲೆ ನಿಗದಿಯಾಗಿಲ್ಲದ ವಾಗ್ದಾನದಲ್ಲಿ ಕೊಳ್ಳುವವನಿಗೆ ಅಪಾಯವಿದೆಯೆಂಬ ಅರಿವು ಈ ಶಾಸನದ ಹಿಂದೆ ಇತ್ತೆಂಬುದು ಸ್ಪಷ್ಟ.

೨. ವಿಮಾನದ ಮೈಲಿಗಳು

ಚೀಟಿಗಳು ಮರೆಯಾಗುತ್ತಿದ್ದಾಗ ಅದೇ ಪದ್ಧತಿ ವಿಮಾನಯಾನದಲ್ಲಿ ಮರುಹುಟ್ಟು ಪಡೆಯಿತು. ಅಮೆರಿಕದ ವಿಮಾನ ದರಗಳನ್ನು ಅದುವರೆಗೆ ಸರ್ಕಾರದ ಮಂಡಲಿಯೊಂದು ನಿಯಂತ್ರಿಸುತ್ತಿತ್ತು. ೧೯೭೮ರ ಶಾಸನವು ಆ ನಿಯಂತ್ರಣವನ್ನು ಕ್ರಮವಾಗಿ ತೆಗೆದುಹಾಕಿದಾಗ ಕಂಪೆನಿಗಳ ನಡುವೆ ಪೈಪೋಟಿ ಮೊದಲಾಯಿತು. ೧೯೮೧ರ ಮೇ ೧ರಂದು ಅಮೆರಿಕನ್ ಏರ್‌ಲೈನ್ಸ್ ಕಂಪೆನಿಯು, ತನ್ನ ವಿಮಾನಗಳಲ್ಲಿ ಸಂಚರಿಸಿದ ಮೈಲಿಗಳನ್ನು ಲೆಕ್ಕವಿಟ್ಟು ಅವುಗಳಿಗೆ ಪ್ರತಿಯಾಗಿ ಉಚಿತ ಪ್ರಯಾಣವನ್ನು ಕೊಡುವ ಯೋಜನೆಯನ್ನು ಆರಂಭಿಸಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಕಂಪೆನಿಯೂ ಹಿಂಬಾಲಿಸಿತು. ಖಾಲಿಯಾಗಿಯೇ ಹಾರಬೇಕಾಗಿದ್ದ ಆಸನವನ್ನು ಬಹುಮಾನವಾಗಿ ಕೊಟ್ಟರೆ ಕಂಪೆನಿಗೆ ತಗಲುವ ವೆಚ್ಚ ಅತ್ಯಲ್ಪ. ಪಡೆದವನಿಗಾದರೋ ಅದರ ಬೆಲೆ ನೂರಾರು ಡಾಲರು. ಅಂಕಗಳ ಲೋಕದಲ್ಲಿ ಇಂದಿಗೂ ಹೆಚ್ಚಿನ ಲಾಭ ಕೆಲವೊಮ್ಮೆ ವಿಮಾನದ ಟಿಕೆಟುಗಳಲ್ಲಿಯೇ ದೊರೆಯುವುದಕ್ಕೆ ಈ ಅಂತರವೇ ಕಾರಣ.

ವಾಗ್ದಾನದ ದೌರ್ಬಲ್ಯವೂ ಬೇಗನೆ ಬಯಲಾಯಿತು. ೧೯೮೮ರಲ್ಲಿ ಅದೇ ಕಂಪೆನಿಯು ತನ್ನ ನಿಯಮಗಳನ್ನು ಬದಲಾಯಿಸಿ, ಬಹುಮಾನದ ಆಸನಗಳ ಸಂಖ್ಯೆಯನ್ನೂ ದಿನಗಳನ್ನೂ ಮಿತಿಗೊಳಿಸಿತು. ಜನರು ಹಿಂದೆಯೇ ಸಂಪಾದಿಸಿಟ್ಟಿದ್ದ ಮೈಲಿಗಳಿಗೂ ಈ ಮಿತಿ ಅನ್ವಯಿಸಿತು. ಪ್ರಯಾಣಿಕರು ನ್ಯಾಯಾಲಯಕ್ಕೆ ಹೋದರು. ೧೯೯೫ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ರಾಜ್ಯಗಳ ಗ್ರಾಹಕರಕ್ಷಣೆಯ ಶಾಸನದ ಆಧಾರದ ಮೇಲೆ ಇಂತಹ ದಾವೆ ನಿಲ್ಲದೆಂದೂ, ಕರಾರಿನ ಭಂಗವೆಂದು ಮಾತ್ರ ದಾವೆ ಹೂಡಬಹುದೆಂದೂ ತೀರ್ಪಿತ್ತಿತು. ಕರಾರನ್ನು ಬರೆಯುವವನು ಕಂಪೆನಿಯೇ ಆಗಿರುವಾಗ ಈ ಆಶ್ರಯ ಎಷ್ಟು ದೃಢವೆಂಬುದನ್ನು ವಾಚಕರೇ ಊಹಿಸಬಹುದು.

೩. ಕಾರ್ಡಿನ ಪ್ರವೇಶ

ಡೈನರ್ಸ್ ಕ್ಲಬ್ಬಿನ ಕಾರ್ಡು ೧೯೫೦ರಲ್ಲಿ ಹುಟ್ಟಿತು. ೧೯೫೮ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯದ ಫ್ರೆಸ್ನೊ ನಗರದಲ್ಲಿ ತನ್ನ ಕ್ರೆಡಿಟ್ ಕಾರ್ಡನ್ನು ಹೊರಡಿಸಿತು. ಆದರೆ ಕಾರ್ಡಿಗೂ ಬಹುಮಾನಕ್ಕೂ ವ್ಯಾಪಕವಾಗಿ ನಂಟು ಬೆಳೆದದ್ದು ೧೯೮೦ರ ದಶಕದಲ್ಲಿ. ೧೯೮೬ರಲ್ಲಿ ಡಿಸ್ಕವರ್ ಕಾರ್ಡು ಖರೀದಿಯ ಒಂದಂಶವನ್ನು ನಗದಾಗಿ ಹಿಂದಿರುಗಿಸತೊಡಗಿತು. ೧೯೮೭ರಲ್ಲಿ ಸಿಟಿಬ್ಯಾಂಕ್ ಮತ್ತು ಅಮೆರಿಕನ್ ಏರ್‌ಲೈನ್ಸ್ ಕೂಡಿ ಹೊರತಂದ ಕಾರ್ಡು ವಿಮಾನ ಹತ್ತದವನಿಗೂ ಮೈಲಿಗಳನ್ನು ಕೊಟ್ಟಿತು. ಅಂದಿನಿಂದ ಮೈಲಿಯೆಂಬುದು ದೂರದ ಅಳತೆಯಾಗಿ ಉಳಿಯದೆ, ವಿಮಾನ ಕಂಪೆನಿಯು ಬ್ಯಾಂಕಿಗೆ ಮಾರುವ ಸರಕಾಯಿತು. ಈ ಸರಕಿನ ಮಹತ್ವವೆಷ್ಟೆಂಬುದು ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ತಿಳಿಯಿತು. ಡೆಲ್ಟ ಕಂಪೆನಿಯು ೨೦೨೦ರಲ್ಲಿ ತನ್ನ ಮೈಲಿಗಳ ಯೋಜನೆಯನ್ನೇ ಆಧಾರವಾಗಿಟ್ಟು ೯೦೦ ಕೋಟಿ ಡಾಲರುಗಳನ್ನೂ, ಅಮೆರಿಕನ್ ಏರ್‌ಲೈನ್ಸ್ ೨೦೨೧ರಲ್ಲಿ ೧,೦೦೦ ಕೋಟಿ ಡಾಲರುಗಳನ್ನೂ ಸಾಲವಾಗಿ ಎತ್ತಿದವು.

ಈ ಬಹುಮಾನದ ಹಣ ಎಲ್ಲಿಂದ ಬರುತ್ತದೆ? ಕಾರ್ಡಿನಿಂದ ಹಣ ಸಂದಾಗಲೆಲ್ಲ ವರ್ತಕನು ಒಂದು ಶುಲ್ಕವನ್ನು ತೆರುತ್ತಾನೆ. ಅದರ ಹೆಚ್ಚಿನ ಭಾಗ ಕಾರ್ಡು ಕೊಟ್ಟ ಬ್ಯಾಂಕಿಗೆ ಸೇರುತ್ತದೆ. ಈ ಮೂಲವನ್ನು ಹಿಡಿದಾಗಲೆಲ್ಲ ಬಹುಮಾನ ಬತ್ತಿದೆ. ಆಸ್ಟ್ರೇಲಿಯದ ರಿಸರ್ವ್ ಬ್ಯಾಂಕು ೨೦೦೩ರಲ್ಲಿ ಶುಲ್ಕವನ್ನು ಇಳಿಸಿದ ಮೇಲೆ ಅಲ್ಲಿಯ ಅಂಕಗಳ ಬೆಲೆ ಕುಗ್ಗಿತು. ಅಮೆರಿಕದಲ್ಲಿ ೨೦೧೦ರ ಶಾಸನದಂತೆ ಮರುವರ್ಷ ಡೆಬಿಟ್ ಕಾರ್ಡಿನ ಶುಲ್ಕಕ್ಕೆ ಮಿತಿ ಬಿದ್ದಾಗ ಅನೇಕ ಬ್ಯಾಂಕುಗಳು ಆ ಕಾರ್ಡಿನ ಬಹುಮಾನಗಳನ್ನು ನಿಲ್ಲಿಸಿದವು. ಐರೋಪ್ಯ ಒಕ್ಕೂಟವು ೨೦೧೫ರಲ್ಲಿ ಕ್ರೆಡಿಟ್ ಕಾರ್ಡುಗಳ ಅಂತರಬ್ಯಾಂಕ್ ಶುಲ್ಕವನ್ನು ಶೇಕಡಾ ೦.೩ಕ್ಕೆ ಮಿತಿಗೊಳಿಸಿದ್ದರಿಂದ, ಅಮೆರಿಕದಷ್ಟು ಉದಾರವಾದ ಅಂಕಗಳು ಅಲ್ಲಿ ಅಪರೂಪ.

೪. ಜಾಣ್ಮೆಯ ಎರಡು ನಿದರ್ಶನಗಳು

೧೯೯೯ರಲ್ಲಿ ಆಹಾರದ ಕಂಪೆನಿಯೊಂದು ತನ್ನ ಪದಾರ್ಥಗಳ ಚೀಟಿಗಳಿಗೆ ವಿಮಾನದ ಮೈಲಿಗಳನ್ನು ಕೊಡುವುದಾಗಿ ಸಾರಿತು. ಕ್ಯಾಲಿಫೋರ್ನಿಯದ ಇಂಜಿನಿಯರೊಬ್ಬರು, ಕೊಡಲಿರುವ ಮೈಲಿಗಳ ಬೆಲೆ ಪದಾರ್ಥದ ಬೆಲೆಗಿಂತ ಹೆಚ್ಚೆಂದು ಕಂಡುಕೊಂಡು, ಸುಮಾರು ೩,೧೪೦ ಡಾಲರುಗಳಿಗೆ ೧೨,೧೫೦ ಬಟ್ಟಲು ಪುಡ್ಡಿಂಗನ್ನು ಕೊಂಡು, ಹನ್ನೆರಡೂವರೆ ಲಕ್ಷ ಮೈಲಿಗಳನ್ನು ಸಂಪಾದಿಸಿದರು. ಪುಡ್ಡಿಂಗನ್ನು ಧರ್ಮಸಂಸ್ಥೆಯೊಂದಕ್ಕೆ ದಾನವಾಗಿ ಕೊಟ್ಟರು.

ಎರಡನೆಯದು ಸರ್ಕಾರಕ್ಕೆ ಸಂಬಂಧಿಸಿದ್ದು. ಒಂದು ಡಾಲರಿನ ನಾಣ್ಯಗಳನ್ನು ಚಲಾವಣೆಗೆ ತರುವ ಉದ್ದೇಶದಿಂದ ಅಮೆರಿಕದ ಟಂಕಸಾಲೆಯು ೨೦೦೮ರಿಂದ ಅವುಗಳನ್ನು ಮುಖಬೆಲೆಗೇ, ಸಾಗಣೆಯ ವೆಚ್ಚವಿಲ್ಲದೆ, ಮನೆಗೆ ಕಳುಹಿಸುತ್ತಿತ್ತು. ಕೆಲವರು ಕಾರ್ಡಿನಿಂದ ನಾಣ್ಯಗಳನ್ನು ಕೊಂಡು, ನೇರವಾಗಿ ಬ್ಯಾಂಕಿನಲ್ಲಿ ಕಟ್ಟಿ, ಅದೇ ಹಣದಿಂದ ಕಾರ್ಡಿನ ಬಾಕಿಯನ್ನು ತೀರಿಸಿದರು. ಅವರಿಗೆ ಅಂಕಗಳು ಬಿಟ್ಟಿಯಾಗಿ ಉಳಿದವು. ೨೦೧೧ರ ಜುಲೈಯಲ್ಲಿ ಟಂಕಸಾಲೆಯು ಈ ಮಾರಾಟಕ್ಕೆ ಕಾರ್ಡನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. ಎರಡು ನಿದರ್ಶನಗಳಲ್ಲಿಯೂ ಲಾಭ ಬಂದುದು ಕೊಟ್ಟವನ ಲೆಕ್ಕದ ತಪ್ಪಿನಿಂದ. ಅಂತಹ ಬಾಗಿಲು ತೆರೆದಿರುವುದು ಸ್ವಲ್ಪಕಾಲ ಮಾತ್ರ.

೫. ಇತಿಹಾಸದಿಂದ ಹೊರಡುವ ನಿಯಮಗಳು

ಮೇಲಿನ ವಿವರಗಳಿಂದ ಸಾಮಾನ್ಯ ಗ್ರಾಹಕನಿಗೆ ಸಲ್ಲುವ ನಾಲ್ಕು ನಿಯಮಗಳು ಹೊರಡುತ್ತವೆಂದು ನಮ್ಮ ಅಭಿಪ್ರಾಯ.

ಮೊದಲನೆಯದು, ಪ್ರತಿ ತಿಂಗಳೂ ಬಾಕಿಯನ್ನು ಪೂರ್ತಿಯಾಗಿ ತೀರಿಸುವುದು. ೨೦೨೩ರಲ್ಲಿ ಅಮೆರಿಕದ ಕಾರ್ಡುಗಳ ಸರಾಸರಿ ಬಡ್ಡಿ ವರ್ಷಕ್ಕೆ ಶೇಕಡಾ ೨೦ನ್ನು ಮೀರಿತು. ಅಂದರೆ ತಿಂಗಳಿಗೆ ಶೇಕಡಾ ಒಂದೂಮುಕ್ಕಾಲಿನಷ್ಟು. ಶೇಕಡಾ ಒಂದರ ಬಹುಮಾನವನ್ನು ಒಂದೇ ತಿಂಗಳ ಬಡ್ಡಿ ನುಂಗುತ್ತದೆ.

ಎರಡನೆಯದು, ಅಂಕದ ಬೆಲೆಯನ್ನು ತಾನೇ ಲೆಕ್ಕಹಾಕುವುದು. ೪೫೦ ಡಾಲರಿನ ಟಿಕೆಟಿಗೆ ೩೦,೦೦೦ ಅಂಕಗಳನ್ನು ಕೇಳಿದರೆ ಅಂಕವೊಂದಕ್ಕೆ ಒಂದೂವರೆ ಸೆಂಟು. ಅಷ್ಟೇ ಅಂಕಗಳಿಗೆ ೧೫೦ ಡಾಲರಿನ ಸಾಮಾನು ದೊರೆತರೆ ಅರ್ಧ ಸೆಂಟು. ಅಂಕ ಕೊಟ್ಟ ಮೇಲೆಯೂ ತೆರಿಗೆಯನ್ನು ಕೈಯಿಂದ ಕಟ್ಟಬೇಕಾದರೆ ಅದನ್ನು ಬೆಲೆಯಿಂದ ಕಳೆಯಬೇಕು. ತಾನು ಹಣ ಕೊಟ್ಟು ಎಂದಿಗೂ ಕೊಳ್ಳದಿದ್ದ ಭೋಗವನ್ನು ಅದರ ಪೂರ್ಣ ಬೆಲೆಗೆ ಎಣಿಸುವುದು ಆತ್ಮವಂಚನೆ.

ಮೂರನೆಯದು, ಕೂಡಿಡದಿರುವುದು. ೧೯೮೮ರಲ್ಲಿ ನಡೆದದ್ದು ಮತ್ತೆ ಮತ್ತೆ ನಡೆದಿದೆ. ೨೦೧೫ರಲ್ಲಿ ಡೆಲ್ಟ ಕಂಪೆನಿಯು ಯಾವ ಪ್ರಯಾಣಕ್ಕೆ ಎಷ್ಟು ಮೈಲಿಗಳೆಂಬ ಪಟ್ಟಿಯನ್ನೇ ತೆಗೆದುಹಾಕಿತು. ೨೦೧೯ರಲ್ಲಿ ಯುನೈಟೆಡ್ ಹಾಗೆಯೇ ಮಾಡಿತು. ಅಂಕಕ್ಕೆ ಬಡ್ಡಿಯಿಲ್ಲ, ಅದರ ಬೆಲೆ ಇಳಿಯುವ ಸಂಭವವೇ ಹೆಚ್ಚು. ಸಂಪಾದಿಸಿದ್ದನ್ನು ಬೇಗ ಬಳಸುವವನೇ ಗೆಲ್ಲುವವನು.

ನಾಲ್ಕನೆಯದು, ಅಂಕಕ್ಕಾಗಿ ಖರೀದಿಯನ್ನು ಹೆಚ್ಚಿಸದಿರುವುದು. ಶೇಕಡಾ ಎರಡು ಪಡೆಯುವುದಕ್ಕೆ ಬೇಡದ ವಸ್ತುವಿಗೆ ನೂರು ತೆತ್ತವನು ತೊಂಬತ್ತೆಂಟನ್ನು ಕಳೆದುಕೊಂಡಂತೆ.

೬. ತೆರುವವರು ಯಾರು

ಈ ನಿಯಮಗಳನ್ನು ಪಾಲಿಸಿದವನಿಗೆ ಲಾಭವುಂಟೆಂಬುದು ನಿಜ. ಆದರೆ ಅದು ಯಾರಿಂದ ಬಂದ ಲಾಭವೆಂಬುದನ್ನು ಬಿಟ್ಟರೆ ವಿಚಾರ ಅಪೂರ್ಣವಾಗುತ್ತದೆ. ವರ್ತಕನು ಶುಲ್ಕವನ್ನು ಬೆಲೆಯಲ್ಲಿ ಸೇರಿಸಿದಾಗ, ನಗದು ಕೊಡುವವನೂ ಅದೇ ಬೆಲೆಯನ್ನು ತೆರುತ್ತಾನೆ. ಬಹುಮಾನ ಮಾತ್ರ ಅವನಿಗಿಲ್ಲ. ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು ೨೦೧೦ರಲ್ಲಿ ಮಾಡಿದ ಅಂದಾಜಿನಂತೆ, ನಗದು ಬಳಸುವ ಒಂದು ಸಂಸಾರ ವರ್ಷಕ್ಕೆ ಸರಾಸರಿ ೧೪೯ ಡಾಲರುಗಳನ್ನು ಕಾರ್ಡು ಬಳಸುವವರಿಗೆ ತೆರುತ್ತಿತ್ತು. ಕಾರ್ಡು ಬಳಸುವ ಸಂಸಾರ ೧,೧೩೩ ಡಾಲರುಗಳನ್ನು ಪಡೆಯುತ್ತಿತ್ತು. ಕಾರ್ಡು ದೊರೆಯುವುದು ಉಳ್ಳವರಿಗೆ ಸುಲಭ, ಇಲ್ಲದವರಿಗೆ ಕಷ್ಟ. ಆದ್ದರಿಂದ ಇದು ಇಲ್ಲದವರಿಂದ ಉಳ್ಳವರಿಗೆ ಹರಿಯುವ ಹಣ.

ಭಾರತವು ೨೦೨೦ರ ಜನವರಿಯಲ್ಲಿ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡುಗಳ ಪಾವತಿಗೆ ವರ್ತಕನಿಂದ ಪಡೆಯುತ್ತಿದ್ದ ಶುಲ್ಕವನ್ನು ರದ್ದುಮಾಡಿ ಬೇರೊಂದು ದಾರಿಯನ್ನು ಹಿಡಿಯಿತು. ಶುಲ್ಕವಿಲ್ಲದೆಡೆ ಅದರಿಂದ ಕೊಡುವ ಅಂಕಗಳೂ ಇಲ್ಲ. ತರಕಾರಿಯವಳ ಮೇಲೆ ಹೊರೆಯೂ ಇಲ್ಲ.

ಕೊಸರನ್ನು ಕೊಟ್ಟವರು ಯಾರೆಂಬುದು ಪಡೆದವರಿಗೆ ತಿಳಿದಿರುತ್ತಿತ್ತು. ಅಂಕವನ್ನು ಪಡೆಯುವವನು ಅದನ್ನು ಬ್ಯಾಂಕು ಕೊಟ್ಟಿತೆಂದು ನಂಬುತ್ತಾನೆ. ಅದರಲ್ಲಿ ಒಂದು ಪಾಲನ್ನು ಕೊಟ್ಟವನು, ಅದೇ ಅಂಗಡಿಯಲ್ಲಿ ಅವನ ಹಿಂದೆ ನಗದನ್ನು ಕೈಯಲ್ಲಿ ಹಿಡಿದು ನಿಂತಿರುವವನು. ಈ ಪದ್ಧತಿಯಿಂದ ಹೆಚ್ಚಿನ ಪ್ರಯೋಜನ ಪಡೆಯುವ ಬಗೆಯನ್ನು ಕಲಿಯುವ ವಿದ್ಯಾರ್ಥಿಗಳು ಇದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕೆಂಬುದು ನಮ್ಮ ಆಶಯ.