ಪ್ರತಿವಿಷ ಯಾರ ಕೈಯಲ್ಲಿರಬೇಕು?

ವಿಷ ಇಳಿಸುವ ಮದ್ದು ವೈದ್ಯರ ಬಳಿ ಮಾತ್ರ ಇರಬೇಕೋ, ಸಾಮಾನ್ಯ ನಾಗರಿಕನ ಜೇಬಿನಲ್ಲಿಯೂ ಇರಬಹುದೋ ಎಂಬ ಪ್ರಶ್ನೆ ಇಂದು ಜಗತ್ತಿನ ಹಲವೆಡೆ ಚರ್ಚೆಗೆ ಬಂದಿದೆ. ಅಫೀಮಿನ ಕುಲಕ್ಕೆ ಸೇರಿದ ಹೆರಾಯಿನ್, ಮಾರ್ಫಿನ್ ಮೊದಲಾದವು ಮಿತಿಮೀರಿದಾಗ ಮನುಷ್ಯನಿಗೆ ಎಚ್ಚರ ತಪ್ಪುತ್ತದೆ. ಉಸಿರು ನಿಧಾನವಾಗುತ್ತ ಬಂದು ಕಡೆಗೆ ನಿಂತುಹೋಗುತ್ತದೆ. ಆ ಉಸಿರನ್ನು ಕೆಲವೇ ನಿಮಿಷಗಳಲ್ಲಿ ಮರಳಿ ತರಬಲ್ಲ ನಲೋಕ್ಸೋನ್ ಎಂಬ ಔಷಧವನ್ನು, ಮೂಗಿಗೆ ಸಿಂಪಡಿಸುವ ರೂಪದಲ್ಲಿ, ವೈದ್ಯರ ಚೀಟಿಯಿಲ್ಲದೆ ಮಾರಲು ಅಮೆರಿಕ 2023ರ ಮಾರ್ಚಿನಲ್ಲಿ ಒಪ್ಪಿಗೆ ಕೊಟ್ಟಿತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಕೇಳುಗರಿಗೆ ಇದು ಸಮುದ್ರದಾಚೆಯ ಸುದ್ದಿ ಎನಿಸೀತು. ಆದರೆ ಪ್ರಶ್ನೆ ಹಳೆಯದು. ನಮ್ಮ ನೆಲವೂ ಅದಕ್ಕೆ ಬೇರೆ ಬೇರೆ ಕಾಲದಲ್ಲಿ ಉತ್ತರ ಹುಡುಕಿದೆ.

ಮೊದಲು ಅಫೀಮಿನ ಮಾತನ್ನೇ ನೋಡೋಣ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. 1878ರ ಅಫೀಮು ಕಾಯಿದೆಯ ಪ್ರಕಾರ ಬ್ರಿಟಿಷ್ ಸರಕಾರವೇ ಪರವಾನಗಿ ಪಡೆದ ಅಂಗಡಿಗಳ ಮೂಲಕ ಅಫೀಮನ್ನು ಮಾರಿಸುತ್ತಿತ್ತು. ಈ ವ್ಯಾಪಾರ ನ್ಯಾಯವೇ ಎಂದು ವಿಚಾರಿಸಲು 1893ರಲ್ಲಿ ನೇಮಕವಾದ ರಾಜ ಆಯೋಗ, 1895ರ ವರದಿಯಲ್ಲಿ ಅದನ್ನು ಸಮರ್ಥಿಸಿತು. ಭೇದಿಗೆ, ಕೆಮ್ಮಿಗೆ, ಮೈಕೈ ನೋವಿಗೆ ಅಫೀಮು ಬಡವರ ಮನೆಮದ್ದು. ವೈದ್ಯರಿಲ್ಲದ ಹಳ್ಳಿಗಳಿಂದ ಅದನ್ನು ಕಸಿಯಲಾಗದು ಎಂಬ ವಾದ ಅಲ್ಲಿ ಪ್ರಬಲವಾಗಿತ್ತು. ವಾದದ ಹಿಂದೆ ಬೊಕ್ಕಸದ ಕಾಳಜಿಯೂ ಇತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಬಯಿಯ ಗಿರಣಿಗಳಿಗೆ ದುಡಿಯಲು ಹೋಗುವ ತಾಯಂದಿರು ಕೂಸು ಮಲಗಿರಲೆಂದು ‘ಬಾಳಗೋಳಿ’ ಎಂಬ ಅಫೀಮಿನ ಗುಳಿಗೆ ಕೊಡುತ್ತಿದ್ದರು. ಪ್ರಮಾಣ ತುಸು ಹೆಚ್ಚಾದರೆ ಕೂಸು ಏಳುತ್ತಿರಲಿಲ್ಲ. ವೈದ್ಯಕೀಯವಲ್ಲದ ಅಫೀಮಿನ ಮಾರಾಟ ನಿಂತದ್ದು ಸ್ವಾತಂತ್ರ್ಯ ಬಂದು ಹನ್ನೆರಡು ವರ್ಷಗಳ ಮೇಲೆ, 1959ರಲ್ಲಿ. ವಿಷವೇನೋ ಸರಕಾರದ ಮೊಹರಿನೊಡನೆ ಜನರ ಕೈಗೆ ಬಂದಿತ್ತು, ಪ್ರತಿವಿಷವಿನ್ನೂ ಹುಟ್ಟಿರಲಿಲ್ಲ.

ಜನರ ಕೈಗೆ ಮದ್ದು ಕೊಡಲು ಆ ಸರಕಾರ ಸದಾ ಅಂಜುತ್ತಿತ್ತೆಂದಲ್ಲ. 1892ರಲ್ಲಿ ಬಂಗಾಳದ ಅಂಚೆಕಚೇರಿಗಳಲ್ಲಿ ಮಲೇರಿಯಕ್ಕೆ ಕ್ವಿನೈನಿನ ಕಾಸಿನ ಪೊಟ್ಟಣಗಳು ಮಾರಾಟಕ್ಕೆ ಬಂದವು. ಮುಂದೆ ಇತರ ಪ್ರಾಂತಗಳಿಗೂ ಆ ಪದ್ಧತಿ ಹಬ್ಬಿತು. ಇದಕ್ಕಿಂತ ಕುತೂಹಲಕರವಾದುದು ಹಾವಿನ ಕಡಿತದ ಕಥೆ. 1904ರಲ್ಲಿ ಲಾಡರ್ ಬ್ರಂಟನ್, ಜೋಸೆಫ್ ಫೇಯರರ್, ಲಿಯೊನಾರ್ಡ್ ರೋಜರ್ಸ್ ಎಂಬ ಮೂವರು ಹೆಸರಾಂತ ವೈದ್ಯರು ಒಂದು ಪುಟ್ಟ ಸಾಧನವನ್ನು ಮುಂದಿಟ್ಟರು. ಬೆರಳುದ್ದದ ಮರದ ಕೊಳವೆ. ಒಂದು ಕಡೆ ಚಿಕ್ಕ ಕತ್ತಿ, ಇನ್ನೊಂದು ಕಡೆ ಪೊಟ್ಯಾಸಿಯಂ ಪರ್ಮಾಂಗನೇಟಿನ ನೇರಳೆ ಹರಳು. ಕಡಿದ ಜಾಗದ ಮೇಲ್ಗಡೆ ಬಿಗಿದು ಕಟ್ಟಿ, ಗಾಯವನ್ನು ಸೀಳಿ, ಹರಳನ್ನು ತಿಕ್ಕಬೇಕು. ಅಗ್ಗವಾದುದು, ಯಾರಾದರೂ ಬಳಸಬಹುದಾದುದು, ಹೊಲದಲ್ಲಿಯೇ ಜೊತೆಗಿರಬಹುದಾದುದು. ಭಾರತದಲ್ಲಿ ಅದನ್ನು ವಿಪುಲವಾಗಿ ಹಂಚಲಾಯಿತು. ಉದ್ದೇಶ ಉದಾತ್ತವಾಗಿತ್ತು, ಮದ್ದು ಮಾತ್ರ ನಿಷ್ಪ್ರಯೋಜಕವಾಗಿತ್ತು. ಗಾಜಿನ ನಳಿಗೆಯಲ್ಲಿ ವಿಷವನ್ನು ಕೆಡಿಸುವ ಆ ಹರಳು, ಮೈಯೊಳಗೆ ಹರಿದುಹೋದ ವಿಷವನ್ನು ಮುಟ್ಟಲಾರದು. ಮಾಂಸವನ್ನು ಸುಡುತ್ತದೆ ಅಷ್ಟೆ. ಸೀಳಿದ ಗಾಯ ಕೀವಾಗುವುದು, ಬಿಗಿದ ಕಟ್ಟಿನಿಂದ ಕೈಕಾಲು ಕೊಳೆಯುವುದು ಬೇರೆ. ಹೀಗಿದ್ದೂ ಸೀಳುವ, ಬಿಗಿಯುವ ಆ ರೂಢಿಯನ್ನು ಹಳ್ಳಿಗರ ಮೌಢ್ಯವೆಂದು ಮಾತ್ರ ನಾವು ಬೈಯುತ್ತೇವೆ. ರಾಯಲ್ ಸೊಸೈಟಿಯ ಮನ್ನಣೆ ಪಡೆದ ಪಂಡಿತರೂ ಅದನ್ನೇ ಕಲಿಸಿದ್ದರೆಂಬುದು ನೆನಪಿರುವುದಿಲ್ಲ.

ಇದಕ್ಕೆ ತಿರುವುಮುರುವಾದ ಘಟನೆ 1971ರದು. ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ರಕ್ತನಾಳಕ್ಕೆ ಕೊಡುವ ಲವಣಜಲ ಮುಗಿದುಹೋಯಿತು. ಡಾ. ದಿಲೀಪ್ ಮಹಲನೋಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಬಂಧುಗಳ ಕೈಗೇ ಕೊಟ್ಟು, ಕುಡಿಸುತ್ತಲೇ ಇರಿ ಎಂದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅನೇಕ ವೈದ್ಯರು ಮೊದಲು ನಂಬಲಿಲ್ಲ. ತಾಯಿಯ ಕೈಯ ಲೋಟ ಆಸ್ಪತ್ರೆಯ ಸೂಜಿಗೆ ಸಮವಾದೀತೆಂದು ಒಪ್ಪುವುದು ವಿದ್ಯಾವಂತರಿಗೆ ಸುಲಭವಲ್ಲ.

ಆದ್ದರಿಂದ ಪಾಮರರ ಕೈ ಯೋಗ್ಯವೇ ಎಂದು ಕೇಳುವುದಕ್ಕಿಂತ, ಮದ್ದು ಆ ಕೈಗೆ ಯೋಗ್ಯವೇ ಎಂದು ಕೇಳುವುದು ಮೇಲು. ನಲೋಕ್ಸೋನನ್ನು ಹೀಗೆ ಒರೆಗೆ ಹಚ್ಚಬೇಕು. ಜ್ಯಾಕ್ ಫಿಶ್‌ಮನ್ ಮತ್ತು ಮೋಜೆಸ್ ಲೆವೆನ್‌ಸ್ಟೈನ್ 1961ರಲ್ಲಿ ಇದರ ಹಕ್ಕುಪತ್ರಕ್ಕೆ ಅರ್ಜಿ ಹಾಕಿದರು. 1971ರಲ್ಲಿ ಅಮೆರಿಕ ಅದಕ್ಕೆ ಮನ್ನಣೆ ಕೊಟ್ಟಿತು. ಮಿದುಳಿನಲ್ಲಿ ಅಫೀಮು ಕುಳಿತ ಪೀಠದಿಂದ ಅದನ್ನು ಎಬ್ಬಿಸಿ ತಾನು ಕೂರುವುದೇ ಇದರ ಕೆಲಸ. ಅಫೀಮು ಸೇವಿಸದವನಿಗೆ ತಪ್ಪಿ ಕೊಟ್ಟರೂ ಕೇಡಿಲ್ಲ. ಆದರೆ ಒಂದು ಒಂದೂವರೆ ಗಂಟೆಯೊಳಗೆ ಇದರ ಬಲ ಇಳಿಯುತ್ತದೆ. ಅಫೀಮು ಪೀಠಕ್ಕೆ ಮರಳಬಹುದು. ಆಸ್ಪತ್ರೆಯ ದಾರಿ ತಪ್ಪುವುದಿಲ್ಲ. ಮದ್ದು ಜೇಬಿನಲ್ಲಿದ್ದರೆ ವ್ಯಸನಿಗೆ ಧೈರ್ಯ ಬಂದೀತೆಂಬ ಆಕ್ಷೇಪಣೆಯುಂಟು. ಎಚ್ಚರ ತಪ್ಪಿದವನು ತನಗೆ ತಾನೇ ಅದನ್ನು ಕೊಟ್ಟುಕೊಳ್ಳಲಾರ, ಪಕ್ಕದಲ್ಲೊಬ್ಬ ಬೇಕು. ಷಿಕಾಗೋದಲ್ಲಿ ಸ್ವಯಂಸೇವಕರು 1996ರಲ್ಲಿ ಹಂಚತೊಡಗಿದ್ದು ಆ ಪಕ್ಕದವರಿಗಾಗಿಯೇ. ಫಿಶ್‌ಮನ್ನರ ಮಲಮಗನೇ 2003ರಲ್ಲಿ ಹೆರಾಯಿನ್ ಮಿತಿಮೀರಿ ತೀರಿಕೊಂಡನು. ತಂದೆ ಕಂಡುಹಿಡಿದ ಮದ್ದು ಆ ಹೊತ್ತಿಗೆ ಹತ್ತಿರವಿರಲಿಲ್ಲ. ಸಾಕ್ಷಿಯಾಗುವ ಸಂಭವವುಳ್ಳ ಎಲ್ಲರಿಗೂ ಇದು ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಶಿಫಾರಸು ಮಾಡಿತು.

ನಮ್ಮ ಐದು ತಾಲೂಕುಗಳಲ್ಲಿ ಜನ ಹೆಚ್ಚಾಗಿ ಅಂಜುವುದು ಬೇರೆ ವಿಷಕ್ಕೆ. ಕೃಷ್ಣೆಯ ದಂಡೆಯ ಕಬ್ಬಿನ ಗದ್ದೆಗಳಲ್ಲಿ, ಕಟಾವಿಗೆ ಬಂದ ಗ್ಯಾಂಗುಗಳು ನೆಲದ ಮೇಲೆ ಮಲಗುವ ಗುಡಿಸಲುಗಳಲ್ಲಿ ಹಾವಿನ ಭಯ ನಿತ್ಯದ್ದು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಯೆಂದು ಸಾರಿತು. ಹಾಗಾದರೆ ಹಾವಿನ ಪ್ರತಿವಿಷವನ್ನೂ ಗ್ಯಾಂಗಿನ ಮುಖ್ಯಸ್ಥನ ಕೈಗೆ ಕೊಡೋಣವೇ? ಬೇಡ. ಕುದುರೆಯ ರಕ್ತದಿಂದ ತಯಾರಾಗುವ ಅದನ್ನು ನಾಳಕ್ಕೇ ಕೊಡಬೇಕು. ಕೆಲವರ ಮೈಗೆ ಅದು ಒಗ್ಗದೆ ಪ್ರಾಣಕ್ಕೆ ಬರುವುದುಂಟು. ಅದು ಇರಬೇಕಾದುದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಅದೂ ರಾತ್ರಿ ಬಾಗಿಲು ತೆರೆದಿರುವ ಕೇಂದ್ರದಲ್ಲಿ. ಕಾಗವಾಡ, ಅಥಣಿಯ ಜನ ಗಡಿ ದಾಟಿ ಮಿರಜಿಗೆ ಧಾವಿಸುವುದು, ಅಲ್ಲಿ ವ್ಯಾನ್ಲೆಸ್ ಎಂಬ ವೈದ್ಯರು 1894ರಲ್ಲಿ ಆಸ್ಪತ್ರೆ ತೆರೆದಂದಿನಿಂದ ನಡೆದುಬಂದ ರೂಢಿ.

ಆದರೂ ಈ ಎರಡು ವಿಷಗಳಿಗೆ ಒಂದು ನಂಟಿದೆ. ಮಲಗಿದವನನ್ನು ನೋವಿಲ್ಲದಂತೆ ಕಡಿಯುವ ಕಟ್ಟುಹಾವು ಕೊಲ್ಲುವುದೂ ಉಸಿರು ನಿಲ್ಲಿಸಿಯೇ. ರೆಪ್ಪೆ ಜೋಲುತ್ತದೆ, ನಾಲಿಗೆ ತೊದಲುತ್ತದೆ, ಎದೆ ಸುಮ್ಮನಾಗುತ್ತದೆ. ಬಾಯಿಗೆ ಬಾಯಿಟ್ಟು ಉಸಿರು ಊದುವುದನ್ನು ಬಲ್ಲ ಒಬ್ಬ ಮನುಷ್ಯ ಜೊತೆಗಿದ್ದರೆ ಎರಡರಲ್ಲಿಯೂ ಆಸ್ಪತ್ರೆಯವರೆಗಿನ ಹೊತ್ತು ದಕ್ಕುತ್ತದೆ.

ನಲೋಕ್ಸೋನ್ ನಮ್ಮಲ್ಲಿ ಇನ್ನೂ ಚೀಟಿಯ ಔಷಧ. ದೇಶದಲ್ಲಿ ಅಫೀಮು ವರ್ಗದ ಮಾದಕ ಬಳಸುವವರು ಸುಮಾರು 2.26 ಕೋಟಿ ಎಂದು 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜು. ಅವರ ತಾಯಿ, ಹೆಂಡತಿ, ಗೆಳೆಯರ ಕೈಗೆ ಅದು ಮೊದಲು ಸಿಗಬೇಕು. ಹೆದ್ದಾರಿಯ ನಿಪ್ಪಾಣಿಯಂಥ ಊರಿನಲ್ಲಿ ಪೊಲೀಸರ, ಆಂಬ್ಯುಲೆನ್ಸ್ ನೌಕರರ ಬಳಿಯೂ ಇರಲಿ. ನೆರವಾದವನಿಗೆ ತೊಂದರೆ ಕೊಡಬಾರದೆಂದು 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯಿದೆಯು ರಸ್ತೆ ಅಪಘಾತಕ್ಕೆ ಮಾತ್ರ ಅನ್ವಯಿಸುತ್ತದೆ. ಸೂಜಿ ಬಿದ್ದಿರುವ ಕೋಣೆಯಿಂದ ಆಸ್ಪತ್ರೆಗೆ ದೂರವಾಣಿ ಮಾಡುವ ಗೆಳೆಯನಿಗೂ ಆ ರಕ್ಷಣೆಯನ್ನು ವಿಸ್ತರಿಸದೆ, ಬರೀ ಮದ್ದನ್ನು ಹಂಚಿದರೆ ಅವನು ಅದನ್ನು ಅಲ್ಲಿಯೇ ಬಿಟ್ಟು ಓಡಿಹೋಗುತ್ತಾನೆ.