ಎದೆಯ ಮೇಲಿನ ಮೊಣಕಾಲು

1876ರಲ್ಲಿ ಬಾಂಬೆ ಹೈಕೋರ್ಟಿಗೆ ಗೋವಿಂದನ ಪ್ರಕರಣ ಬಂತು. ಅವನಿಗೆ 18, ಹೆಂಡತಿಗೆ 15. ಒದ್ದು, ಬಿದ್ದವಳ ಎದೆಯ ಮೇಲೆ ಮೊಣಕಾಲೂರಿ ಮುಖಕ್ಕೆ ಎರಡು ಮೂರು ಸಲ ಗುದ್ದಿದ್ದ. ತಲೆಬುರುಡೆ ಒಡೆದಿರಲಿಲ್ಲ; ಮಿದುಳಿನ ಮೇಲೆ ರಕ್ತಸ್ರಾವವಾಗಿ ಸತ್ತಳು.

ಸತಾರಾದ ಸೆಷನ್ಸ್ ನ್ಯಾಯಾಲಯ ಇದನ್ನು ಕೊಲೆ ಎಂದಿತ್ತು. ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಮ್ಮತಕ್ಕೆ ಬರಲಿಲ್ಲ. ಮೂರನೆಯವರಾದ ಮೆಲ್ವಿಲ್ ದಂಡಸಂಹಿತೆಯ 299, 300ನೇ ಸೆಕ್ಷನ್ನುಗಳನ್ನು ಅಕ್ಕಪಕ್ಕ ಇಟ್ಟು ಓದಿದರು: ಉದ್ದೇಶಿಸಿದ ಗಾಯದಿಂದ ಸಾವಿನ ಸಂಭವವಿದ್ದರೆ ದಂಡನೀಯ ನರಹತ್ಯೆ, ಆ ಗಾಯ ಸಹಜಗತಿಯಲ್ಲೇ ಸಾವಿಗೆ ಸಾಕಾಗುವಂತಿದ್ದರೆ ಕೊಲೆ. ಮುಷ್ಟಿಯ ಗುದ್ದು ಮೊದಲನೆಯದಕ್ಕೆ ಸೇರಿತು. ತರ್ಕ ಸರಿಯೇ ಇದೆ, ಆದರೆ ಆ ಮೊಣಕಾಲು ನನ್ನನ್ನು ಬಿಡುವುದಿಲ್ಲ. ಗೋವಿಂದನಿಗೆ ಏಳು ವರ್ಷ ದ್ವೀಪಾಂತರ ಶಿಕ್ಷೆಯಾಯಿತು.

ನಮ್ಮ ಕೋರ್ಟುಗಳು ಇಂದಿಗೂ ಈ ತೀರ್ಪನ್ನು ಉದ್ಧರಿಸುತ್ತವೆ. ಪ್ರಕರಣಕ್ಕೆ ಉಳಿದಿರುವುದು ಗಂಡನ ಹೆಸರು.