ಮದುವೆ ವಾಚು, ನೀರಿನ ವಾಚು

ಇವತ್ತಿನ ಸಂಚಿಕೆ ಶುರುವಾಗೋದು ಚನ್ನಪಟ್ಟಣದ ಒಂದು ವಾಚ್ ರಿಪೇರಿ ಅಂಗಡಿಯಿಂದ. ಅಂಗಡಿ ಅಂದ್ರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಒಂದು ಟೇಬಲ್ ಲೈಟು, ಅಷ್ಟೆ. ಕೂತಿರೋ ಸಾಹೇಬ್ರಿಗೆ ನಮ್ಮಪ್ಪನ ಪರಿಚಯ ಇತ್ತು. ನನ್ನ ಕೈಯಲ್ಲಿದ್ದದ್ದು ಅಪ್ಪನ ಡೈವ್ ವಾಚು. ಸಿಟಿಜನ್ ಕಂಪನಿಯದು, ಸ್ಟೀಲಿನ ದಪ್ಪ ಕೇಸು, ಸುತ್ತ ತಿರುಗುವ ಬಳೆ, ಡಯಲ್ ಮೇಲೆ 150 ಮೀಟರ್ ಅಂತ ಬರಹ. ಅವರ ಗಾಜಿನ ಪೆಟ್ಟಿಗೆಯಲ್ಲಿ ಒಂದು ಎಚ್‌ಎಂಟಿ ಕಾಂಚನ್ ಇತ್ತು. ಚಿನ್ನದ ಬಣ್ಣ, ಆಟೊಮ್ಯಾಟಿಕ್, ವಾರ ತಾರೀಕು ಎರಡೂ ತೋರಿಸುತ್ತೆ.

"ಇದನ್ನ ಕೊಡಿ, ಅದನ್ನ ತಗೊಳ್ಳಿ. ಮೇಲೆ ನಾನೇ ಸ್ವಲ್ಪ ದುಡ್ಡು ಕೊಡ್ತೀನಿ ಸಾರ್" ಅಂದ್ರು.

ಬೇರೆ ಯಾರಾದ್ರೂ ಆಗಿದ್ರೆ ಐದು ನಿಮಿಷದ ಚೌಕಾಸಿ. ನನಗೆ ಮೂರು ವಾರ ಹಿಡೀತು. ಯಾಕೆ ಅಂತ ಹೇಳೋಕೆ ನಮ್ಮ ಮನೆಯ ಒಂದು ಫೋಟೊದಿಂದ ಶುರು ಮಾಡಬೇಕು.

1983ರಲ್ಲಿ ನಮ್ಮಪ್ಪ ಅಮ್ಮನ ಮದುವೆ ಆಯ್ತು. ಸ್ಟುಡಿಯೊದಲ್ಲಿ ತೆಗೆಸಿದ ಕಪ್ಪು ಬಿಳುಪು ಫೋಟೊ. ಅಪ್ಪ ಕುರ್ಚಿಯಲ್ಲಿ ಕೂತಿದಾರೆ, ಅಮ್ಮ ಪಕ್ಕದಲ್ಲಿ ನಿಂತಿದಾರೆ. ಅಪ್ಪನ ಎಡಗೈ ತೊಡೆ ಮೇಲಿದೆ, ಅಂಗಿಯ ತೋಳು ಬೇಕಂತಲೇ ಒಂದು ಗೇಣು ಮೇಲಕ್ಕೆ ಎಳೆದಿದೆ. ವಾಚು ಕಾಣಬೇಕಲ್ಲ! ನಿಮ್ಮ ಮನೆಯ ಹಳೇ ಆಲ್ಬಮ್ ತೆಗೆದು ನೋಡಿ. ಆ ಕಾಲದ ಗಂಡಂದಿರ ಎಡಗೈ ಹೆಚ್ಚುಕಡಿಮೆ ಹೀಗೇ ಇರುತ್ತೆ. ಅಪ್ಪನ ಕೈಯಲ್ಲಿರೋದು ಎಚ್‌ಎಂಟಿ ಕಾಂಚನ್. ಮಾಗಡಿ ತಾಲ್ಲೂಕಿನ ನಮ್ಮ ತಾತ, ಅಂದ್ರೆ ಅಮ್ಮನ ಅಪ್ಪ, ಅಳಿಯನಿಗೆ ಕೊಟ್ಟದ್ದು.

ಈಗ ಸ್ವಲ್ಪ ಇತಿಹಾಸ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಶುರುವಾಗಿದ್ದು 1953ರಲ್ಲಿ. ಲೇತು, ಮಿಲ್ಲಿಂಗ್ ಮೆಷಿನ್ ಮಾಡೋ ಸರ್ಕಾರಿ ಕಾರ್ಖಾನೆ. 1961ರಲ್ಲಿ ಅಲ್ಲೇ ಕೈಗಡಿಯಾರದ ಕಾರ್ಖಾನೆ ಬಂತು. ಮೊದಲ ಗಡಿಯಾರಗಳನ್ನ ಪ್ರಧಾನಿ ನೆಹರೂ ಬಿಡುಗಡೆ ಮಾಡಿದ್ರು. ತಂತ್ರಜ್ಞಾನ ಕೊಟ್ಟದ್ದು ಜಪಾನಿನ ಸಿಟಿಜನ್. ಅಂದ್ರೆ ಸಾಹೇಬ್ರ ಮೇಜಿನ ಮೇಲೆ ಆ ದಿನ ಎದುರು ಬದುರು ಕೂತಿದ್ದ ಎರಡು ವಾಚೂ ಒಂದೇ ವಂಶದವು, ದಾಯಾದಿಗಳು ಅನ್ನಿ. 'ಸಿಟಿಜನ್' ಅನ್ನೋ ಹೆಸರು 1924ರಲ್ಲಿ ಒಂದು ಜೇಬುಗಡಿಯಾರಕ್ಕೆ ಇಟ್ಟದ್ದು, ಸಾಮಾನ್ಯ ನಾಗರಿಕರ ಕೈಗೂ ಗಡಿಯಾರ ಸಿಗಲಿ ಅನ್ನೋ ಆಸೆಯಿಂದ. ನಮ್ಮವರು ತಮ್ಮ ಸಾದಾ ವಾಚಿಗೆ ಇಟ್ಟ ಹೆಸರು 'ಜನತಾ'.

ಜನತಾ, ಪೈಲಟ್, ಕೊಹಿನೂರ್, ಸೋನಾ, ಕಾಂಚನ್ ಹೀಗೆ ಒಂದೊಂದು ವಾಚಿಗೂ ಒಂದೊಂದು ಹೆಸರು. ತುಮಕೂರಿನಲ್ಲಿ 1978ರಲ್ಲಿ ಇನ್ನೊಂದು ಕಾರ್ಖಾನೆ ಆಯ್ತು, ಆದರೂ ಕಾಂಚನ್ ಬೇಕು ಅಂದವರಿಗೆಲ್ಲ ಸಿಗ್ತಿರಲಿಲ್ಲ. ಬ್ಲಾಕಿನಲ್ಲಿ ಹೆಚ್ಚು ಕೊಟ್ಟು ತರೋರು. ಯಾಕಂದ್ರೆ ಅದು ಮದುವೆ ವಾಚು. ವಾಚು, ಉಂಗುರ, ಸೂಟು, ಈ ಮೂರು ಮಾತು ಆಡದೆ ನಮ್ಮ ಕಡೆ ಗಂಡಿನ ಕಡೆಯವರ ಮಾತುಕತೆ ಮುಗೀತಿರಲಿಲ್ಲ.

ಪಶ್ಚಿಮದವರ ಲೆಕ್ಕದಲ್ಲಿ ಕಾಂಚನ್ ಅಸಲಿ ಡ್ರೆಸ್ ವಾಚೇ ಅಲ್ಲ. ಅವರ ಡ್ರೆಸ್ ವಾಚು ತೆಳ್ಳಗಿರಬೇಕು, ಕೋಟಿನ ಕೆಳಗಿನ ಶರ್ಟಿನ ಕಫ್ ಒಳಗೆ ಸದ್ದಿಲ್ಲದೆ ಜಾರಬೇಕು, ತಾರೀಕೂ ಬೇಡ ಅಂತಾರೆ. ಪ್ಯಾರಿಸ್ಸಿನ ಕಾರ್ಟಿಯೆ 1917ರಲ್ಲಿ ರೂಪಿಸಿದ 'ಟ್ಯಾಂಕ್' ಆ ಜಾತಿಯದು. ಅದಕ್ಕೆ ಮುಂಚೆ ಅಲ್ಲಿ ಗಂಡಸರು ಕೈಗೆ ಗಡಿಯಾರ ಕಟ್ಟೋದೇ ಅಪರೂಪ. ಅದು ಹೆಂಗಸರ ಒಡವೆ, ಗಂಡಸರದ್ದು ಜೇಬಿನಲ್ಲಿ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಜೇಬಿಗೆ ಕೈಹಾಕಿ ಟೈಮ್ ನೋಡೋಕೆ ಪುರುಸೊತ್ತು ಇರಲಿಲ್ಲ, ಹಾಗಾಗಿ ಕೈಗೆ ಬಂತು. ನಮ್ಮಲ್ಲಿ ಕಫ್ ಎಲ್ಲಿ? ಅಲ್ಲಿ ಅಡಗಿಸೋಕೆ ಮಾಡಿದ ವಾಚನ್ನ ನಾವು ತೋಳು ಎಳೆದು ತೋರಿಸಿದ್ವಿ.

ಅಪ್ಪ ರೇಷ್ಮೆ ನೂಲು ಬಿಚ್ಚೋ ರೀಲರ್. ರಾಮನಗರದ ಗೂಡಿನ ಮಾರ್ಕೆಟ್ ನಿಮಗೆಲ್ಲ ಗೊತ್ತು, ಹರಾಜಿನಲ್ಲಿ ಲಾಟು ಹಿಡಿದು ಗೂಡು ತಂದು, ಬಿಸಿನೀರಲ್ಲಿ ಬೇಯಿಸಿ, ಎಳೆ ಹುಡುಕಿ, ನೂಲು ತೆಗೆಯೋ ಕೆಲಸ. ಗೂಡಿನ ಎಳೆಗಳನ್ನ ಹಿಡಿದಿಟ್ಟಿರೋ ಅಂಟು ಬಿಸಿನೀರಿಗೆ ಮೆತ್ತಗಾಗುತ್ತೆ, ಆಗಲೇ ಎಳೆ ಬಿಡೋದು. ಅಂದ್ರೆ ಕೈ ದಿನವಿಡೀ ನೀರಲ್ಲಿ. ಬೆರಳು ಬೆಳ್ಳಗೆ ಊದಿಕೊಂಡಿರುತ್ತೆ, ಉಗುರಿನ ಸಂದಿಯಲ್ಲಿ ಹುಣ್ಣು, ಮೈಗೆಲ್ಲ ಸತ್ತ ಹುಳದ ವಾಸನೆ. ಆ ಕೈಗೆ ಚಿನ್ನದ ಬಣ್ಣದ ಕಾಂಚನ್ ಎಲ್ಲಿ ಕಟ್ಟೋದು? ಅದು ಬೀರುವಿನಲ್ಲಿ, ಅಮ್ಮನ ಮದುವೆ ಸೀರೆ ಜೊತೆ, ನುಸಿಗುಳಿಗೆ ವಾಸನೆಯಲ್ಲಿ ಮಲಗಿತ್ತು. ಯಾರದಾದ್ರೂ ಮದುವೆ, ಗೃಹಪ್ರವೇಶ ಬಂದಾಗ ಮಾತ್ರ ಹೊರಗೆ. ಆಟೊಮ್ಯಾಟಿಕ್ ವಾಚು ಕೈ ಅಲ್ಲಾಡಿದ್ರೆ ತಾನೇ ಓಡೋದು? ಹಾಗಾಗಿ ಪ್ರತಿ ಸಲ ಅಲ್ಲಾಡಿಸಿ, ಪಕ್ಕದ ಮನೆಯವರನ್ನ ಟೈಮ್ ಕೇಳಿ ಸರಿ ಮಾಡ್ಕೊಂಡು ಹೋಗೋರು.

ನೀರಿನ ವಾಚು ಬಂದದ್ದು 1987ರಲ್ಲಿ. ಕೊಲ್ಲಿ ದೇಶದಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ರಜಕ್ಕೆ ಬಂದಾಗ ಕೈಗೆ ಕಟ್ಟಿಕೊಂಡೇ ಬಂದಿದ್ರು. ಆ ಕಾಲದಲ್ಲಿ ಫಾರಿನ್ ವಾಚು ಅಂದ್ರೆ ಸುಮ್ಮನೆ ಅಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 123ನೇ ಸೆಕ್ಷನ್ ನೋಡಿ. ಕಳ್ಳಸಾಗಣೆ ಮಾಲು ಅನ್ನೋ ಅನುಮಾನದ ಮೇಲೆ ಅಧಿಕಾರಿ ಜಪ್ತಿ ಮಾಡಿದ್ರೆ, ಅಲ್ಲ ಅಂತ ಸಾಬೀತು ಮಾಡೋ ಹೊಣೆ ಅದನ್ನ ಇಟ್ಕೊಂಡವನ ಮೇಲೆ. ಈ ಸೆಕ್ಷನ್ ಹೆಸರಿಟ್ಟು ಹೇಳೋ ಮಾಲುಗಳಲ್ಲಿ ಚಿನ್ನದ ಜೊತೆ ಕೈಗಡಿಯಾರವೂ ಇದೆ. ಉಳಿದವನ್ನ ಸರ್ಕಾರ ಬೇಕಾದಾಗ ಸೇರಿಸಿಕೊಳ್ಳಬಹುದು ಅಂತಷ್ಟೇ ಇದೆ.

ಚಿಕ್ಕಪ್ಪ ಆ ವಾಚನ್ನ ಕನಕಪುರ ತಾಲ್ಲೂಕಿನ ಸಂಗಮಕ್ಕೆ ತಗೊಂಡು ಹೋಗಿ, ಅರ್ಕಾವತಿ ಕಾವೇರಿಗೆ ಸೇರೋ ಕಡೆ ಸೊಂಟದ ಮಟ್ಟದ ನೀರಲ್ಲಿ ಮುಳುಗಿ ಎದ್ದು, "ನೋಡಿ, ಓಡ್ತಾ ಐತೆ" ಅಂತ ಎಲ್ಲರಿಗೂ ತೋರಿಸಿದ್ರಂತೆ. 150 ಮೀಟರ್ ವಾಚಿಗೆ ನಮ್ಮ ಜಿಲ್ಲೆಯಲ್ಲಿ ಆದ ಒಂದೇ ಡೈವು ಅದು.

ಇಂಥದ್ದೇ ಪ್ರದರ್ಶನ ಅರವತ್ತು ವರ್ಷ ಮೊದಲು ಇಂಗ್ಲಿಷ್ ಕಡಲ್ಗಾಲುವೆಯಲ್ಲೂ ನಡೆದಿತ್ತು. ರೋಲೆಕ್ಸ್ ಕಂಪನಿ 1926ರಲ್ಲಿ ನೀರು ನುಗ್ಗದ 'ಆಯ್ಸ್ಟರ್' ಕೇಸು ಮಾಡ್ತು. ಮುಂದಿನ ವರ್ಷ ಮರ್ಸಿಡೀಸ್ ಗ್ಲೈಟ್ಸ್ ಅನ್ನೋ ಈಜುಗಾರ್ತಿ ಅದನ್ನ ಕೊರಳಿಗೆ ಹಾಕ್ಕೊಂಡು ತಣ್ಣೀರಲ್ಲಿ ಹತ್ತು ಗಂಟೆಗೂ ಹೆಚ್ಚು ಹೊತ್ತು ಈಜಿದಳು. ಆ ದಿನ ಅವಳಿಗೆ ದಡ ಮುಟ್ಟೋಕೆ ಆಗಲಿಲ್ಲ, ವಾಚು ಮಾತ್ರ ಸರಿಯಾಗಿ ಓಡ್ತಿತ್ತು. ಆದರೆ ಇವತ್ತು ನಾವು ಡೈವ್ ವಾಚು ಅನ್ನೋದರ ರೂಪ ಬಂದದ್ದು 1953ರಲ್ಲಿ. ಫ್ರೆಂಚ್ ಸೇನೆಯ ಮುಳುಗುಗಾರರಿಗೆ ಬ್ಲಾಂಪೇನ್ ಕಂಪನಿ ಮಾಡಿದ 'ಫಿಫ್ಟಿ ಫ್ಯಾದಮ್ಸ್', ಅಂದ್ರೆ ಐವತ್ತು ಮಾರು, ಸುಮಾರು 91 ಮೀಟರ್ ಆಳ. ಕತ್ತಲಲ್ಲೂ ಕಾಣೋ ದಪ್ಪ ಮುಳ್ಳು, ಸುತ್ತ ತಿರುಗೋ ಬಳೆ. ನೀರಿಗೆ ಇಳಿಯೋವಾಗ ಬಳೆಯ ಮೇಲಿನ ತ್ರಿಕೋನವನ್ನ ನಿಮಿಷದ ಮುಳ್ಳಿಗೆ ಸರಿಯಾಗಿ ಇಟ್ಟರೆ, ಎಷ್ಟು ನಿಮಿಷ ಆಯ್ತು, ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳೀತು ಅನ್ನೋ ಅಂದಾಜು ಒಂದೇ ನೋಟಕ್ಕೆ ಸಿಗುತ್ತೆ. ಆಮೇಲೆ ಬಂದ ವಾಚುಗಳಲ್ಲಿ ಬಳೆ ಒಂದೇ ಕಡೆ ತಿರುಗುತ್ತೆ. ಎಲ್ಲಾದರೂ ತಾಗಿ ಜರುಗಿದ್ರೂ ಸಮಯ ಹೆಚ್ಚಾಯ್ತು ಅಂತಲೇ ತೋರಿಸಬೇಕು, ಕಮ್ಮಿ ತೋರಿಸಿದ್ರೆ ಜೀವ ಹೋಗುತ್ತೆ.

ಅಪ್ಪ ಆ ಬಳೆಯನ್ನ ಬಳಸ್ತಿದ್ದದ್ದು ಕರೆಂಟಿಗೆ. ಕರೆಂಟು ಹೋದ ತಕ್ಷಣ ತ್ರಿಕೋನ ತಿರುಗಿಸಿ ಇಡೋರು. ಬಂದಾಗ ನೋಡಿ, "ಇವತ್ತು ಐವತ್ತು ನಿಮಿಷ ತಿಂದ್ರು" ಅನ್ನೋರು. ನನಗೆ ನಿಮಿಷದ ಲೆಕ್ಕ ಬಂದದ್ದೇ ಆ ಬಳೆಯಿಂದ.

ಚಿಕ್ಕಪ್ಪ ವಾಪಸ್ ಹೋಗೋವಾಗ ಆ ವಾಚನ್ನ ಅಪ್ಪನ ಕೈಗೆ ಕಟ್ಟಿ ಹೋದ್ರು. "ಅಣ್ಣ, ಇದಕ್ಕೆ ನೀರು ಏನೂ ಮಾಡಲ್ಲ" ಅಂತ. ನಿಜ, ತಣ್ಣೀರು ಏನೂ ಮಾಡಲ್ಲ. ಕೇಸಿನ ಹಿಂದೆ, ತಿರುಪಿನ ಹತ್ತಿರ ಇರೋ ರಬ್ಬರ್ ವಾಷರ್ರು ಬಿಸಿಗೆ, ಆವಿಗೆ, ಸೋಪಿಗೆ ಬೇಗ ಗಟ್ಟಿಯಾಗುತ್ತೆ, ಅದನ್ನ ಆಗಾಗ ಬದಲಾಯಿಸಬೇಕು. ನಮಗೆ ಯಾರಿಗೆ ಗೊತ್ತಿತ್ತು? ಹತ್ತು ಹನ್ನೆರಡು ವರ್ಷ ಒಂದೇ ವಾಷರ್ರು. ಕೊನೆಗೆ ಒಂದು ದಿನ ಗಾಜಿನ ಒಳಗೆ ಮಂಜು ಕೂತಿತ್ತು. ತಪ್ಪು ವಾಚಿನದ್ದಲ್ಲ, ನಮ್ಮದು. ಸಮುದ್ರಕ್ಕೆ ಅಂತ ಮಾಡಿದ ವಾಚು ರಾಮನಗರದ ಮೊಳಕೈ ಆಳದ ಬೇಸಿನ್ನಿಗೆ ಸೋತಿತು. ಅವತ್ತು ಅದನ್ನ ಬಿಚ್ಚಿ ಒಣಗಿಸಿ ಓಡಿಸಿದ್ದು ಇದೇ ಚನ್ನಪಟ್ಟಣದ ಸಾಹೇಬ್ರು.

ಕಾಂಚನ್ ಏನಾಯ್ತು? 1990ರ ದಶಕದ ಕೊನೆಗೆ ಚೀನಾದ ಅಗ್ಗದ ರೇಷ್ಮೆ ಬಂದು ನಮ್ಮ ನೂಲಿನ ಬೆಲೆ ಬಿತ್ತು. ಗೂಡಿನ ಸಾಲ ತೀರಿಸೋಕೆ ಅಪ್ಪ ಕಾಂಚನ್ನು, ಉಂಗುರ ಎರಡನ್ನೂ ಗಿರವಿ ಇಟ್ರು. ಉಂಗುರ ಬಿಡಿಸಿಕೊಂಡ್ರು. ವಾಚು ಬರಲಿಲ್ಲ. ಅಷ್ಟೊತ್ತಿಗೆ ಅದಕ್ಕೆ ಬೆಲೆಯೂ ಉಳಿದಿರಲಿಲ್ಲ ಬಿಡಿ. ನಮ್ಮ ಗಡಿಯಾಚೆ ಹೊಸೂರಿನಲ್ಲಿ ತಯಾರಾಗ್ತಿದ್ದ ಟೈಟನ್ ಕ್ವಾರ್ಟ್ಜ್ ವಾಚುಗಳು ಮಾರ್ಕೆಟ್ಟಿಗೆ ಬಂದದ್ದು 1987ರಲ್ಲಿ. ಆಮೇಲೆ ಮದುವೆ ವಾಚು ಅಂದ್ರೆ ಟೈಟನ್ನೇ. ಎಚ್‌ಎಂಟಿ ವಾಚಸ್ ಮುಚ್ಚೋ ತೀರ್ಮಾನವನ್ನ ಕೇಂದ್ರ ಸಂಪುಟ 2016ರ ಜನವರಿಯಲ್ಲಿ ತಗೊಳ್ತು. ಮುಚ್ಚಿದ ಮೇಲೆ ಎಲ್ಲರಿಗೂ ಎಚ್‌ಎಂಟಿ ಬೇಕು! ನನಗೂ ಸೇರಿ.

ಅಪ್ಪ ತೀರಿಕೊಂಡ ಮೇಲೆ ನನಗೆ ಆ ಫೋಟೊದಲ್ಲಿರೋ ವಾಚು ವಾಪಸ್ ಮನೆಗೆ ತರಬೇಕು ಅನ್ನೋ ಹಟ ಹಿಡೀತು. ಅದೇ ವಾಚು ಸಿಗಲ್ಲ, ಅದರ ಜೊತೆಯದಾದ್ರೂ ಸಿಗಲಿ ಅಂತ. ಸಾಹೇಬ್ರ ಮಾತಿಗೆ ಹೆಚ್ಚುಕಡಿಮೆ ಒಪ್ಪಿದ್ದೆ. ಅಮ್ಮನಿಗೆ ಖುಷಿಯಾಗುತ್ತೆ ಅಂತ ಮೊಬೈಲಿನಲ್ಲಿ ಕಾಂಚನ್ ಫೋಟೊ ತೋರಿಸಿದೆ.

ಅಮ್ಮ ಬಹಳ ಹೊತ್ತು ನೋಡಿದ್ರು. ಆಮೇಲೆ, "ಇದನ್ಯಾಕೆ ತರ್ತೀಯಪ್ಪ ಮನೇಗೆ?" ಅಂದ್ರು. "ಈ ವಾಚಿಗೆ ನಮ್ಮಪ್ಪ ಕರೆಯೋ ಎಮ್ಮೆ ಮಾರಿದ್ದ. ಗಂಡಿನ ಕಡೆಯವರು ಬರೀ ಎಚ್‌ಎಂಟಿ ಅಂದಿದ್ರೆ ಆಗ್ತಿತ್ತು, ಕಾಂಚನ್ನೇ ಆಗ್ಬೇಕು ಅಂದ್ರು. ನನ್ ತಮ್ಮಂದ್ರು ಒಂದ್ ವರ್ಷ ಕರೀ ಕಾಫಿ ಕುಡುದ್ರು."

ನಲವತ್ತು ವರ್ಷ ನಾನು ಆ ಫೋಟೊದಲ್ಲಿ ವಾಚು ನೋಡಿದ್ದೆ. ಅಮ್ಮ ಎಮ್ಮೆ ನೋಡ್ತಿದ್ರು.

ನಾನು ಇತಿಹಾಸ ಹೇಳೋ ಕೆಲಸದವನು, ಅವತ್ತು ರಾತ್ರಿ ಕೂತು ಕಾನೂನು ತೆಗೆದು ನೋಡಿದೆ. ವರದಕ್ಷಿಣೆ ನಿಷೇಧ ಕಾಯ್ದೆ ಜಾರಿಗೆ ಬಂದದ್ದು 1961ರ ಜುಲೈ 1ರಂದು. ಎಚ್‌ಎಂಟಿ ವಾಚು ಹೊರಬಂದ ಅದೇ 1961! ಆ ಕಾಯ್ದೆಯಲ್ಲಿ ಒಂದು ವಿವರಣೆ ಇತ್ತು: ಮದುವೆ ಸಮಯದಲ್ಲಿ ಕೊಡೋ ನಗದು, ಒಡವೆ, ಬಟ್ಟೆ, ಇತರ ವಸ್ತುಗಳ ಉಡುಗೊರೆ, ಮದುವೆಗೆ ಪ್ರತಿಫಲ ಅಂತ ಕೊಟ್ಟಿದ್ದಲ್ಲದಿದ್ರೆ, ವರದಕ್ಷಿಣೆ ಅಲ್ಲ. ಈ ಕಿಂಡಿಯಲ್ಲಿ ಎಷ್ಟು ವಾಚು ತೂರಿ ಹೋಗಿರಬೇಕು! 1980ರ ದಶಕದಲ್ಲಿ ಕಾಯ್ದೆ ಬಿಗಿಯಾಯ್ತು. 1985ರ ಅಕ್ಟೋಬರ್ 2ರಿಂದ, ವಧುವಿಗೆ ಬಂದ ಉಡುಗೊರೆ, ವರನಿಗೆ ಬಂದ ಉಡುಗೊರೆ ಅಂತ ಬೇರೆ ಬೇರೆ ಪಟ್ಟಿ ಬರೆದು, ಅಂದಾಜು ಬೆಲೆ ಹಾಕಿ, ಇಬ್ಬರೂ ಸಹಿ ಮಾಡಬೇಕು ಅಂತ ನಿಯಮ ಬಂತು. ನಾನು ಹೋದ ಯಾವ ಮದುವೆಯಲ್ಲೂ ಅಂಥ ಪಟ್ಟಿ ನೋಡಿಲ್ಲ. ಮುಯ್ಯಿ ಬರೆಯೋ ಪುಸ್ತಕ ನೋಡಿದೀನಿ, ಅಷ್ಟೆ.

ಜಾಲಹಳ್ಳಿಯ ಕಾರ್ಖಾನೆಯ ಕಥೆಯನ್ನ ನಾವೆಲ್ಲ ಹೆಮ್ಮೆಯಿಂದ ಹೇಳ್ತೀವಿ, ನಾನೂ ಇದೇ ಕಾರ್ಯಕ್ರಮದಲ್ಲಿ ಹೇಳಿದೀನಿ. ಅಲ್ಲಿ ಬಿಡಿಭಾಗ ಜೋಡಿಸ್ತಿದ್ದ ಕೈಗಳಲ್ಲಿ ಹೆಣ್ಣುಮಕ್ಕಳ ಕೈ ಎಷ್ಟೋ ಇತ್ತು. ತಮ್ಮ ಮದುವೆಗೂ ಅಪ್ಪಂದಿರು ಅದೇ ವಾಚು ಕೊಡಬೇಕಾಗಿ ಬಂದಿತ್ತಾ? ಅವರನ್ನ ಯಾರಾದ್ರೂ ಕೇಳಬೇಕಿತ್ತು.

ಮುಂದಿನ ವಾರ ಚನ್ನಪಟ್ಟಣಕ್ಕೆ ಹೋದೆ. ಬೇಡ ಅಂತ ಹೇಗೆ ಹೇಳೋದು ಅಂತ ಮುಜುಗರ. ಸಾಹೇಬ್ರು ನನ್ನ ಮುಖ ನೋಡಿ, ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು ತಾವೇ ಹೇಳಿದ್ರು: "ಒಂದು ಮಾತು ಮೊದಲೇ ಹೇಳ್ಬಿಡ್ತೀನಿ ಸಾರ್. ಕಾಂಚನ್ ಮಿಷಿನ್ನು ಒರಿಜಿನಲ್ಲು, ಡಯಲ್ಲು ಮಾತ್ರ ಮತ್ತೆ ಪೇಂಟ್ ಹೊಡೆಸಿದ್ದು. ಈಗ ಬರೋ ಹಳೇ ಎಚ್‌ಎಂಟಿ ಎಷ್ಟೋ ಹಂಗೇ ಬರ್ತವೆ. ನಿಮ್ಮ ತಂದೆಯವ್ರ ಮಗ ಅಂತ ಹೇಳ್ತಿದೀನಿ."

ನನಗೆ ಒಂದು ಕ್ಷಣ ನಿರಾಳ ಆಯ್ತು, ಒಳ್ಳೆ ನೆಪ ಸಿಕ್ತು ಅಂತ. ಆದರೆ ನೆಪ ಹೇಳೋಕೆ ಮನಸ್ಸಾಗದೆ ಎಮ್ಮೆ ಕಥೆಯನ್ನೇ ಹೇಳಿದೆ. ಅವರು ನಗಲಿಲ್ಲ. ತಮಗೆ ಮೂರು ಹೆಣ್ಣುಮಕ್ಕಳು ಅಂದ್ರು, ಮೂರು ಅಳಿಯಂದಿರಿಗೂ ವಾಚು ತಮ್ಮ ಪೆಟ್ಟಿಗೆಯಿಂದಲೇ ಹೋಗಿದೆ ಅಂದ್ರು.

ಆಮೇಲೆ ಅಪ್ಪನ ಸಿಟಿಜನ್ನಿನ ಹಿಂಬದಿ ಮುಚ್ಚಳ ಬಿಚ್ಚಿದ್ರು. ಒಳಗಿನ ವಾಷರ್ರು ಕಪ್ಪು ದಾರದ ಹಾಗೆ ಒಣಗಿ ತುಂಡಾಗಿ ಬಂತು. ಹೊಸದು ಹಾಕಿ, ಗ್ರೀಸ್ ಸವರಿ, ಮುಚ್ಚಿ ಕೊಟ್ರು. ಟೀ ಲೋಟದ ಪಕ್ಕ ಇದ್ದ ನೀರಿನ ಮಗ್ಗು ತೋರಿಸಿ, "ಹಾಕಿ ನೋಡಿ ಬೇಕಾದ್ರೆ" ಅಂದ್ರು. ಹಾಕಿ ನೋಡಿದೆ. ಹತ್ತು ನಿಮಿಷ ಇಟ್ಟೆ, ತ್ರಿಕೋನ ತಿರುಗಿಸಿ ಲೆಕ್ಕ ಹಾಕಿ.